ಮಪೋಗೊ ನೂರು ಸಿಂಹ ಕೊಂದವು ಅಂತಾರಲ್ಲ, ಆ ಲೆಕ್ಕ ಬರೆದವರು ಯಾರು?

ಹಿನ್ನೀರಿನವ

ಎರಡು ವರ್ಷದಿಂದ ರಾತ್ರಿ ಊಟ ಮುಗಿದ ಮೇಲೆ ನನಗೆ ಒಂದೇ ಕೆಲಸ. ಅಂಗಡಿ ಲೆಕ್ಕ ಬರೆಯುವಂಥ ಉದ್ದನೆ ಪುಸ್ತಕದಲ್ಲಿ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಕಾಡಿನ ಸಿಂಹಗಳ ವಂಶಾವಳಿ ಬರೆಯುತ್ತಿದ್ದೇನೆ. ಯಾವ ಗುಂಪು, ಯಾವ ಹೆಣ್ಣಿಗೆ ಯಾವ ವರ್ಷ ಎಷ್ಟು ಮರಿ, ಯಾವ ಗಂಡುಗಳು ಯಾವಾಗ ಬಂದವು, ಅವನ್ನು ಓಡಿಸಿದವರು ಯಾರು, ಎಲ್ಲ ಇದೆ. "ನಿಮ್ಮ ಮುತ್ತಜ್ಜನ ಹೆಸರು ಕೇಳಿದ್ರೆ ತಲೆ ಕೆರ್ಕೋತೀರಿ, ಅಲ್ಲಿಯ ಸಿಂಹಕ್ಕೆ ಅಪ್ಪ ಯಾರು ಅಂತ ಹುಡುಕ್ತೀರಿ" ಅಂತ ಮನೆಯಲ್ಲಿ ದಿನಾ ಮಂಗಳಾರತಿ ಆಗುತ್ತಿದೆ.

ಹೊಸಬರಿಗೆ ಕಥೆ ಹೇಳಿಬಿಡುತ್ತೇನೆ. ಸಾಬಿ ಸ್ಯಾಂಡ್ ಅಂದರೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕಕ್ಕೆ ಅಂಟಿಕೊಂಡಿರುವ ಖಾಸಗಿ ಕಾಡು, ಸುಮಾರು 65 ಸಾವಿರ ಹೆಕ್ಟೇರ್. ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದರು. ಅಲ್ಲಿಂದಾಚೆ ಕ್ರೂಗರ್ ಸಿಂಹ ಇತ್ತ, ಇತ್ತಲಿನದು ಅತ್ತ. 2006ರ ಹೊತ್ತಿಗೆ ಅಲ್ಲಿ ಆರು ಗಂಡುಗಳ ಒಂದು ಕೂಟ ತಲೆ ಎತ್ತಿತು: ಮಕುಲು, ರಾಸ್ತಾ, ಪ್ರೆಟಿ ಬಾಯ್, ಕಿಂಕಿ ಟೇಲ್, ಡ್ರೆಡ್‌ಲಾಕ್ಸ್, ಮಿಸ್ಟರ್ ಟಿ. ಐದು ಒಂದೇ ಗುಂಪಿನಲ್ಲಿ ಹುಟ್ಟಿದವು, ಎಲ್ಲರಿಗಿಂತ ಹಿರಿಯ ಮಕುಲು ಮಾತ್ರ ಹೊರಗಿನಿಂದ ಬಂದು ಸೇರಿದವನು ಅಂತ ಹೇಳಿಕೆ. ಅಲ್ಲಿ ಜನರೇ ನ್ಯಾಯ ಕೈಗೆತ್ತಿಕೊಂಡು ಕಳ್ಳರನ್ನು ಬಡಿಯಲು ಕಟ್ಟಿಕೊಂಡಿದ್ದ ಒಂದು ಕಾವಲು ಪಡೆಯಿತ್ತು. ಈ ಆರಕ್ಕೂ ಅದರದೇ ಹೆಸರು ಬಿತ್ತು, ಮಪೋಗೊ.

2010ರ ಜೂನ್‌ನಲ್ಲಿ ಹೊಸದಾಗಿ ಬಂದ ಮಜಿಂಗಿಲಾನೆ ಗಂಡುಗಳಲ್ಲಿ ಒಂದನ್ನು ಮಿಸ್ಟರ್ ಟಿ, ಕಿಂಕಿ ಟೇಲ್ ಸೇರಿ ಕೊಂದವು. ಉಳಿದ ನಾಲ್ಕು ತಿರುಗಿ ಬಿದ್ದು ಕಿಂಕಿ ಟೇಲನ್ನು ಮುಗಿಸಿದವು. 2012ರ ಮಾರ್ಚ್‌ನಲ್ಲಿ ಮಿಸ್ಟರ್ ಟಿಯನ್ನು ಸೆಲಾಟಿ ಅನ್ನುವ ಇನ್ನೊಂದು ಕೂಟದ ಗಂಡುಗಳು ಕೊಂದವು. ಅಲ್ಲಿಗೆ ದರ್ಬಾರು ಮುಗಿಯಿತು.

ಇಷ್ಟರವರೆಗೆ ತಕರಾರಿಲ್ಲ. ಮಪೋಗೊ "ನೂರಕ್ಕೂ ಹೆಚ್ಚು ಸಿಂಹ ಕೊಂದವು" ಅನ್ನುವ ಮಾತಿದೆಯಲ್ಲ, ಅದನ್ನು ನನ್ನ ಪುಸ್ತಕಕ್ಕೆ ಹೇಗೆ ಇಳಿಸಲಿ ಅಂತ ಕೂತರೆ ಕೈ ಓಡುತ್ತಿಲ್ಲ. ಒಬ್ಬರು ನಲವತ್ತು ಅಂತಾರೆ, ಇನ್ನೊಬ್ಬರು ನೂರು ಅಂತಾರೆ. ಯಾರಾದರೂ ಕೂತು ಎಣಿಸಿದ್ದಾರೆಯೆ?

ಘರ್ಜನೆ07

ಅಣ್ಣಾ, ಮಪೋಗೊ ಬಗ್ಗೆ ಡೌಟಾ?! ನಾನು ಎಡಿಟ್ ಮಾಡಿರೋ ವಿಡಿಯೊ ನೋಡಿ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಮೇತ ಹಾಕಿದ್ದೀನಿ. ನೂರು ಕಮ್ಮಿ ಅಂದ್ರೂ ನೂರು. ಆರು ಜನ ಅಣ್ತಮ್ಮಂದಿರು ಸೇರಿ ಇಡೀ ಕಾಡನ್ನ ನಡುಗಿಸಿದ್ರು. ಇನ್ನೊಂದು ಕೋಯಲಿಷನ್ ಹಂಗೆ ಬಂದಿಲ್ಲ, ಬರಲ್ಲ.

ಪೇಡೆನಗರಿ

ಅಲ್ಲೋ ತಮ್ಮಾ, ಮ್ಯೂಸಿಕ್ ಹಾಕಿದ್ರ ಸತ್ತ ಸಿಂಹದ ಸಂಖ್ಯಾ ಹೆಚ್ಚಾಗ್ತದೇನು?

ಕೋಯಲಿಷನ್ ಅಂದ ಕೂಡ್ಲೆ ನನಗ ನೆನಪಾಗೂದು ನಮ್ಮ ವಿಧಾನಸೌಧ. 2006ರಾಗ ಅಲ್ಲಿ ಮಪೋಗೊ ಶುರು, ಇಲ್ಲಿ ಇಪ್ಪತ್ತ ತಿಂಗಳ ಸಮ್ಮಿಶ್ರ ಸರ್ಕಾರ ಶುರು. ಸಿಂಹಗಳದು ಆರ ವರ್ಷ ನಡೀತು. ಕಚ್ಚಾಡಿದ್ರೂ ಮತ್ತ ಒಂದ ನೆರಳಿನ್ಯಾಗ ಮಲಗ್ತಾವ ನೋಡ್ರಿ ಅವು, ಅದ ಫರಕು.

ಲೆಕ್ಕದಮೇಷ್ಟ್ರು

ಹಿನ್ನೀರಿನವರೇ, ನಿಮ್ಮ ಕೈ ಓಡದೆ ಇದ್ದದ್ದು ಒಳ್ಳೆಯದೇ ಆಯಿತು. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಅಂತ ನನಗೆ ಕಂಡ ಮಟ್ಟಿಗೆ ಹೇಳುತ್ತೇನೆ.

ಮೊದಲನೆಯ ಗೊಂದಲ ಹೆಸರಿನದು. ಸಾಬಿ ಸ್ಯಾಂಡ್ ಒಂದೇ ಕಾಡಾದರೂ ಒಳಗೆ ಬೇರೆ ಬೇರೆ ಮಾಲೀಕರ ಜಾಗಗಳಿವೆ, ಒಬ್ಬೊಬ್ಬರ ಲಾಡ್ಜಿನಲ್ಲಿ ಒಂದೊಂದು ಹೆಸರು. ಮಿಸ್ಟರ್ ಟಿಯನ್ನೇ ತೆಗೆದುಕೊಳ್ಳಿ. ಕೆಲವರ ಡೈರಿಯಲ್ಲಿ ಅವನ ಹೆಸರು 'ಸೇಟನ್'. ಮಿಸ್ಟರ್ ಟಿ ಇಂಥ ದಿನ ಒಂದು ಹೆಣ್ಣನ್ನು ಕೊಂದ ಅಂತ ಒಬ್ಬ ಬರೆದ, ಸೇಟನ್ ಒಂದು ಹೆಣ್ಣನ್ನು ಕೊಂದ ಅಂತ ಇನ್ನೊಬ್ಬ ಬರೆದ. ಓದಿದವನು ಎರಡು ಅಂತ ಕೂಡಿಸಿದ.

ಎರಡನೆಯದು ಮರಿಗಳ ಲೆಕ್ಕ. ಯಾವ ಪಾಳೇಗಾರನೂ ಬರದೆ ಇದ್ದರೂ ಸಿಂಹದ ಮರಿಗಳಲ್ಲಿ ಎರಡು ವರ್ಷ ದಾಟುವವು ಅರ್ಧಕ್ಕಿಂತ ಕಡಿಮೆ. ಹಸಿವು, ಕತ್ತೆಕಿರುಬ, ಕಾಡೆಮ್ಮೆಯ ತುಳಿತ, ಕಾಯಿಲೆ, ಹೀಗೆ ನಾನಾ ಕಾರಣ. ಹೊಸ ಗಂಡು ಬಂದ ಮೇಲೆ ಐದು ಮರಿ ಕಾಣುತ್ತಿಲ್ಲ ಅಂದರೆ ಐದನ್ನೂ ಅವನ ತಲೆಗೆ ಕಟ್ಟುವುದು ಸುಲಭ. ಟಾಂಜಾನಿಯಾದ ಸೆರೆಂಗೆಟಿ ಕಾಡಿನ ದಾಖಲೆಯಲ್ಲಿ ಮೊದಲ ವರ್ಷ ಸಾಯುವ ಮರಿಗಳ ಪೈಕಿ ಹೊಸ ಗಂಡುಗಳ ಬಾಯಿಗೆ ಬೀಳುವುದು ಹೆಚ್ಚುಕಡಿಮೆ ಕಾಲು ಭಾಗ. ಅದೇನೂ ಸಣ್ಣದಲ್ಲ, ಆದರೂ ಮುಕ್ಕಾಲು ಭಾಗ ಬೇರೆ ಕಾರಣಕ್ಕೆ ಹೋಯಿತಲ್ಲ.

ಮೂರನೆಯದು, ಹೆಣ ಸಿಗುವುದಿಲ್ಲ. ಬೆಳಗಾಗುವುದರೊಳಗೆ ಕತ್ತೆಕಿರುಬ ಎಲುಬು ಸಮೇತ ನುಂಗಿರುತ್ತದೆ. ಸಿಗದ ಹೆಣವನ್ನು ಯಾರ ಖಾತೆಗೆ ಬರೆಯುತ್ತೀರಿ?

ಸುಮ್ಮನೆ ಮೂರು ಕಾಲಂ ಹಾಕಿ. ಕಣ್ಣಾರೆ ಕಂಡದ್ದು, ಹೆಣ ಸಿಕ್ಕದ್ದು, ಹೇಳಿ ಕೇಳಿದ್ದು.

ಘರ್ಜನೆ07

ಮೇಷ್ಟ್ರೇ ನೀವು ಎಲ್ಲ ಮಜಾ ಹಾಳು ಮಾಡ್ತೀರ 😑

ಕಡಲತಡಿ

ಮಾರಾಯ್ರೆ, ನೀವೆಲ್ಲ ಗಂಡುಗಳದ್ದೇ ಪುರಾಣ ಹೇಳ್ತಾ ಇದ್ದೀರಿ. ಆ ಕಾಡು ಯಾರದ್ದು ಅಂತ ಒಬ್ಬರೂ ಕೇಳಲಿಲ್ಲ.

ಸಿಂಹದ ಗುಂಪು ಅಂದರೆ ನಮ್ಮ ಊರಿನ ಅಳಿಯಕಟ್ಟಿನ ಮನೆ ಉಂಟಲ್ಲ, ಹಾಗೆ. ಅಜ್ಜಿ, ಅಮ್ಮ, ಚಿಕ್ಕಮ್ಮ, ಅಕ್ಕತಂಗಿಯರು, ಅವರ ಮಕ್ಕಳು. ಜಾಗ ಹೆಣ್ಣುಗಳದ್ದು, ತಾಯಿಯಿಂದ ಮಗಳಿಗೆ ಬರುತ್ತದೆ. ಗಂಡು ಎರಡು ಮೂರು ವರ್ಷ ಇದ್ದು ಹೋಗುವವನು. ಯಾರು ಬಂದು ಯಾರು ಹೋದರೂ ಅದೇ ಹೊಳೆದಂಡೆ, ಅದೇ ಬಂಡೆ, ಅದೇ ಹೆಣ್ಣುಗಳು. ಗಂಡುಗಳ ಹೆಸರಿಗೆ ಹಾರ ಹಾಕುವ ಮೊದಲು ಆ ಅಜ್ಜಿಯರನ್ನು ನೋಡಿ ಒಮ್ಮೆ.

ಲೆಕ್ಕದಮೇಷ್ಟ್ರು

ಅಕ್ಕಾ, ಹೋಲಿಕೆ ಚೆನ್ನಾಗಿದೆ, ಅಳಿಯ ಮಾತ್ರ ಕೈಕೊಟ್ಟ. ಅಳಿಯಕಟ್ಟಿನಲ್ಲಿ ಸೋದರಳಿಯನಿಗೆ ಹಕ್ಕು ಇರುತ್ತಿತ್ತು. ಸಿಂಹದ ಮನೆಯಲ್ಲಿ ಮಗನಿಗೂ ಇಲ್ಲ, ಅಳಿಯನಿಗೂ ಇಲ್ಲ. ಎರಡೂವರೆ ಮೂರು ವರ್ಷವಾದರೆ ಆಚೆ ನಡಿ ಅಷ್ಟೆ.

ಕಡಲತಡಿ

ಅಳಿಯನನ್ನು ಬಿಟ್ಟೆ, ಆಯ್ತಾ? ಉಳಿದದ್ದು ಹಾಗೇ ಇರಲಿ 😄

ಹಿನ್ನೀರಿನವ

ಆ ಆಚೆ ಹೋದ ಹುಡುಗರಲ್ಲೇ ಕೂಟದ ಹುಟ್ಟು. ಒಂದೇ ವರ್ಷ ಹುಟ್ಟಿದ ಅಣ್ಣತಮ್ಮ, ಚಿಕ್ಕಮ್ಮನ ಮಕ್ಕಳು ಒಟ್ಟಿಗೆ ಹೊರಬೀಳುತ್ತಾರೆ, ಅಲೆಯುತ್ತಾರೆ, ಅವರಿವರ ಗಡಿಯಲ್ಲಿ ಕದ್ದು ತಿನ್ನುತ್ತಾರೆ. ನಾಲ್ಕೈದು ವರ್ಷಕ್ಕೆ ಕೇಸರ ತುಂಬಿದಾಗ ಯಾವುದಾದರೂ ಗುಂಪಿನ ಮೇಲೆ ಬೀಳುತ್ತಾರೆ. ಒಂಟಿ ಹುಟ್ಟಿದವನು ಇನ್ನೊಬ್ಬ ಒಂಟಿಯನ್ನು ಹುಡುಕಿಕೊಳ್ಳುತ್ತಾನೆ.

ಸಿಂಹ ಸಂಶೋಧಕ ಕ್ರೇಗ್ ಪ್ಯಾಕರ್ ಅವರ ತಂಡ 1991ರಲ್ಲಿ ಸೆರೆಂಗೆಟಿ ಸಿಂಹಗಳ ಡಿಎನ್‌ಎ ನೋಡಿ ಇದನ್ನೇ ಹೇಳಿತು. ನಾಲ್ಕು ಅಥವಾ ಹೆಚ್ಚಿನ ಗಂಡುಗಳ ಕೂಟವೆಂದರೆ ರಕ್ತಸಂಬಂಧಿಗಳು. ಸಂಬಂಧವಿಲ್ಲದವರು ಸೇರುವುದೇನಿದ್ದರೂ ಎರಡು ಮೂರರ ಕೂಟದಲ್ಲಿ. ದೊಡ್ಡ ಕೂಟದಲ್ಲಿ ಮರಿ ಹುಟ್ಟಿಸುವ ಅವಕಾಶ ಎಲ್ಲರಿಗೂ ಸಮ ಸಿಗುವುದಿಲ್ಲ, ಕೆಲವರಿಗೆ ಏನೂ ಸಿಗುವುದಿಲ್ಲ. ತಮ್ಮನ ಮರಿಯಾದರೆ ನನ್ನ ರಕ್ತವೂ ಸ್ವಲ್ಪ ಉಂಟು, ಪರರ ಮರಿಯಾದರೆ ಸೊನ್ನೆ. ಮಕುಲು ನಿಜಕ್ಕೂ ಹೊರಗಿನವನಾದರೆ ಆರರ ಕೂಟದಲ್ಲಿ ಅವನು ತೀರ ಅಪರೂಪದ ಪ್ರಕರಣ. ಇದೇ ಕಾರಣಕ್ಕೆ ಅವನ ಹುಟ್ಟಿನ ಸಾಲನ್ನು ನಾನಿನ್ನೂ ಪೆನ್ಸಿಲ್‌ನಲ್ಲಿ ಇಟ್ಟಿದ್ದೇನೆ.

ಪೇಡೆನಗರಿ

ಮಿಸ್ಟರ್ ಟಿ ತಮ್ಮಂದಿರ ಮರಿ ಬಿಟ್ಟನೇನ್ರಿ? ಕಿಂಕಿ ಟೇಲ್ ಸತ್ತ ಮ್ಯಾಲೆ ವಾಪಸ್ ಬಂದು ತಮ್ಮಂದಿರಿಗೆ ಹುಟ್ಟಿದ್ದ ಮರಿಗಳನ್ನ ಹಿಡಿದು ತಿಂದ ಅಂತ ಎಲ್ಲಾ ಕಡೆ ಬರದಾರ. ರಕ್ತಸಂಬಂಧದ ಲೆಕ್ಕ ಅವಂಗ ಯಾರೂ ಹೇಳಿದ್ದಿಲ್ಲೇನು? ನಮ್ಮ ಕಡೆ ಇದಕ್ಕ ದಾಯಾದಿ ಮತ್ಸರ ಅಂತಾರ, ಡಿಎನ್‌ಎ ಬ್ಯಾಡ.

ಲೆಕ್ಕದಮೇಷ್ಟ್ರು

ಅವನು ಎರಡು ವರ್ಷ ಮಟ್ಟಿಗೆ ಬೇರೆ ಕಡೆ ಬಿಡಾರ ಮಾಡಿದ್ದವನು. ತಾನಿಲ್ಲದಾಗ ಹುಟ್ಟಿದ ಮರಿ ಅವನಿಗೆ ಪರರದ್ದೇ. ಸಿಂಹಕ್ಕೆ ಗೊತ್ತಿರುವುದು ವಂಶಾವಳಿಯಲ್ಲ, ಒಡನಾಟ.

ಮರಿ ಕೊಲ್ಲುವುದು ಕ್ರೌರ್ಯ ಅಂತ ವಿಡಿಯೊ ಕೆಳಗೆ ಅಳುವವರಿಗೂ ಒಂದು ಮಾತು. ಮರಿಗೆ ಹಾಲೂಡುವ ಹೆಣ್ಣು ಮತ್ತೆ ಬೆದೆಗೆ ಬರುವುದು ಮರಿಗೆ ಒಂದೂವರೆ ವರ್ಷ ದಾಟಿದ ಮೇಲೆ. ಗಂಡಿನ ಇಡೀ ಅಧಿಕಾರವೇ ಎರಡು ಮೂರು ವರ್ಷ. ಕಾದರೆ ಅವನ ಮರಿ ದೊಡ್ಡದಾಗುವ ಹೊತ್ತಿಗೆ ಮುಂದಿನ ಕೂಟ ಗಡಿಯಲ್ಲಿ ನಿಂತಿರುತ್ತದೆ. ಮರಿ ಸತ್ತರೆ ಹೆಣ್ಣು ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತದೆ.

ಆದರೆ ಹೆಣ್ಣೂ ದಡ್ಡಿಯಲ್ಲ. ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ 1983ರಲ್ಲೇ ಬರೆದರು, ಹೊಸ ಗಂಡುಗಳು ಬಂದ ಮೊದಮೊದಲ ತಿಂಗಳುಗಳಲ್ಲಿ ಹೆಣ್ಣುಗಳು ಮತ್ತೆ ಮತ್ತೆ ಕೂಡುತ್ತವೆ, ಗರ್ಭ ಮಾತ್ರ ನಿಲ್ಲುವುದಿಲ್ಲ. ಈ ಗಂಡುಗಳು ಉಳಿಯುತ್ತಾರೋ, ಇನ್ನೊಂದು ದೊಡ್ಡ ಕೂಟ ಬಂದು ಇವರನ್ನು ಓಡಿಸುತ್ತದೋ ಅಂತ ಪರೀಕ್ಷೆ ಮಾಡುವ ಅವಧಿ ಅದು. ಬಸುರಾದ ಮೇಲೆ ಸುಮಾರು 110 ದಿನಕ್ಕೆ ಹೆರಿಗೆ.

ಕಡಲತಡಿ

ಅದನ್ನೇ ನಾನು ಹೇಳಿದ್ದು. ಪಾಳೇಗಾರ ಅವನಾದರೂ ಪರೀಕ್ಷೆ ಮಾಡುವವಳು ಇವಳು.

ಕ್ಯಾರೆನ್ ಮೆಕೋಂಬ್ ಅಂತ ಒಬ್ಬ ಸಂಶೋಧಕಿ 1994ರಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಸ್ಪೀಕರಿನಲ್ಲಿ ಒಮ್ಮೆ ಒಂದು ಪರಕೀಯ ಹೆಣ್ಣಿನ ಗರ್ಜನೆ, ಇನ್ನೊಮ್ಮೆ ಮೂರರದ್ದು ಒಟ್ಟಿಗೆ. ಗುಂಪಿನಲ್ಲಿ ತಾವೆಷ್ಟು ಇದ್ದೇವೆ ಅಂತ ನೋಡಿಕೊಂಡು ಎದ್ದು ಹೋಗುವುದೋ ಸುಮ್ಮನಿರುವುದೋ ಅಂತ ಈ ಹೆಣ್ಣುಗಳು ತೀರ್ಮಾನ ಮಾಡುತ್ತಿದ್ದವಂತೆ. ಅಂದರೆ ಕಿವಿಯಲ್ಲೇ ಎಣಿಸುತ್ತವೆ. ಮರುವರ್ಷ ಇನ್ನೊಂದು ತಂಡ ಬರೆದದ್ದು ನನಗೆ ಇನ್ನೂ ಇಷ್ಟ. ಪ್ರತಿ ಗುಂಪಿನಲ್ಲೂ ಮೊದಲು ಎದ್ದು ನಡೆಯುವ ಒಂದಿಬ್ಬರು ಇರುತ್ತಾರೆ, ಹಿಂದೆ ನಿಧಾನ ಕಾಲೆಳೆಯುವವರೂ ಇರುತ್ತಾರೆ. ಮುಂದಿನವಳು ತಿರುಗಿ ತಿರುಗಿ ನೋಡುತ್ತಾಳೆ, ಆದರೆ ಹಿಂದಿನವಳಿಗೆ ಶಿಕ್ಷೆ ಏನೂ ಇಲ್ಲ. ನಮ್ಮ ಮನೆಯ ಮದುವೆ ಅಡುಗೆಯಲ್ಲಿ ನಾನು ಇದನ್ನು ಮೂವತ್ತು ವರ್ಷ ನೋಡಿದ್ದೇನೆ.

ನೈರೋಬಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಈ ವೇದಿಕೆ ಸದ್ದಿಲ್ಲದೆ ಓದುತ್ತಿದ್ದೆ, ಹೆಣ್ಣುಗಳ ಮಾತು ಬಂದಾಗ ತಡೆಯಲಾಗಲಿಲ್ಲ.

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಕೀನ್ಯಾದ ಮಸಾಯಿ ಮಾರಾ ಕಾಡಿಗೆ ವರ್ಷಕ್ಕೆರಡು ಸಲ ಹೋಗುತ್ತೇನೆ. ಮೊದಮೊದಲು ನನಗೂ ಬೇಕಾಗಿದ್ದದ್ದು ಸ್ಕಾರ್‌ಫೇಸ್ ಒಬ್ಬನೇ. ಬಲಗಣ್ಣಿನ ಮೇಲೆ ಗಾಯದ ಗುರುತಿದ್ದ, ಮೊರಾನಿ, ಸಿಕಿಯೊ, ಹಂಟರ್ ಜೊತೆ ನಾಲ್ಕರ ಕೂಟ ಕಟ್ಟಿದ್ದ ಗಂಡು. 2021ರ ಜೂನ್ 11ರಂದು ಅವನು ವಯಸ್ಸಾಗಿ ಸತ್ತ. ಕಾಡು ಗಂಡು ಹದಿನಾಲ್ಕರ ಹತ್ತಿರ ಬದುಕಿ ಯಾರ ಹಲ್ಲಿಗೂ ಸಿಗದೆ ಮಲಗಿದಲ್ಲೇ ಸಾಯುವುದು ದೊಡ್ಡ ಮಾತು.

ಗುರುತು ಹಿಡಿಯುವುದನ್ನು ನನಗೆ ಕಲಿಸಿದ್ದು ಒಬ್ಬ ವಯಸ್ಸಾದ ಮಸಾಯಿ ಗೈಡ್. ಮೊದಲ ದಿನ ನಾನು "ಗಾಯ ನೋಡಿ ಗುರುತು ಹಿಡಿಯುತ್ತೇನೆ" ಅಂದೆ. ಅವರು ನಕ್ಕು, ಗಾಯ ಮಾಯುತ್ತದೆ, ಹೊಸದು ಬರುತ್ತದೆ, ಕೇಸರ ಬಣ್ಣ ತಿರುಗುತ್ತದೆ, ಮೀಸೆ ನೋಡು ಅಂದರು. ಮೀಸೆ ಕೂದಲಿನ ಬುಡದಲ್ಲಿ ಕಪ್ಪು ಚುಕ್ಕಿಗಳ ಸಾಲು ಇರುತ್ತದೆ. ಕೆಳಗಿನ ಸಾಲುಗಳು ತುಂಬಿರುತ್ತವೆ. ಅದರ ಮೇಲೆ ಬಿಡಿ ಬಿಡಿಯಾಗಿ ಒಂದೋ ಎರಡೋ ಮೂರೋ ಚುಕ್ಕಿ. ಆ ಬಿಡಿ ಚುಕ್ಕಿ ಕೆಳಗಿನ ಸಾಲಿನ ಯಾವ ಚುಕ್ಕಿಯ ಮೇಲೆ ಕೂತಿದೆ, ಎರಡರ ನಡುವೆ ಇದೆಯೇ ಅಂತ ನೋಡಬೇಕು. ಎಡಗೆನ್ನೆಗೂ ಬಲಗೆನ್ನೆಗೂ ಬೇರೆ ಬೇರೆ. ಮರಿಯಿಂದ ಸಾಯುವವರೆಗೆ ಬದಲಾಗುವುದಿಲ್ಲ. ಇದನ್ನು 1970ರಲ್ಲಿ ಪದ್ಧತಿಯಾಗಿ ಬರೆದಿಟ್ಟ ಇಬ್ಬರಲ್ಲಿ ಒಬ್ಬರಾದ ಜುಡಿತ್ ರುಡ್ನಾಯ್ ಕೆಲಸ ಮಾಡಿದ್ದು ನಮ್ಮ ನೈರೋಬಿ ಉದ್ಯಾನದಲ್ಲೇ, ನನ್ನ ಮನೆಯಿಂದ ಅರ್ಧ ಗಂಟೆ ದಾರಿ.

ಹಿನ್ನೀರಿನವ

ಬನ್ನಿ ಸಾರ್, ಇಷ್ಟು ದಿನ ಎಲ್ಲಿದ್ದಿರಿ!

ಸೆರೆಂಗೆಟಿಯಲ್ಲಿ ಜಾರ್ಜ್ ಶಾಲರ್ 1966ರಲ್ಲಿ ಶುರು ಮಾಡಿದ ಅಧ್ಯಯನ ಕೈಯಿಂದ ಕೈಗೆ ದಾಟಿ, 1978ರಲ್ಲಿ ಪ್ಯಾಕರ್ ಮತ್ತು ಪ್ಯೂಸಿ ಕೈಗೆ ಬಂತು. ಅಲ್ಲಿ ಒಂದೊಂದು ಸಿಂಹಕ್ಕೂ ಒಂದು ಕಾರ್ಡು, ಅದರ ಮೇಲೆ ಮೂತಿಯ ಚಿತ್ರ, ಚುಕ್ಕಿ, ಕಿವಿಯ ಹರಕು. ನಮ್ಮ ಆರೋಗ್ಯ ಕೇಂದ್ರದ ತಾಯಿ ಕಾರ್ಡ್ ಇದ್ದ ಹಾಗೆ. ಅಷ್ಟು ಕಾರ್ಡು ಇದ್ದದ್ದರಿಂದಲೇ 1994ರಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ತಗಲಿದಾಗ ಸುಮಾರು ಮೂರನೇ ಒಂದು ಭಾಗ ಸಿಂಹ ಹೋದವು ಅಂತ ಧೈರ್ಯವಾಗಿ ಹೇಳಲು ಆಯಿತು. ಕಾರ್ಡಿಲ್ಲದಿದ್ದರೆ "ಈ ವರ್ಷ ಸಿಂಹ ಕಮ್ಮಿ ಕಾಣ್ತಾ ಇವೆ" ಅಂತ ಹೇಳಿ ಸುಮ್ಮನಾಗಬೇಕಿತ್ತು.

ಲೆಕ್ಕದಮೇಷ್ಟ್ರು

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ, ಹೇಳದೆ ಇರಲಾರೆ. ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ, ಕ್ಯಾಮೆರಾಗೆ ಎಷ್ಟು ಸಲ ಬಿತ್ತು ಅನ್ನುವುದರಿಂದ ಬೀಳದೆ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡುವ ಕೆಲಸವನ್ನು 90ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿ ತೋರಿಸಿದರು. ಅವರ ಜೊತೆ ಈ ಲೆಕ್ಕದ ಮೇಲೆ ದುಡಿದವರಲ್ಲಿ ಅರ್ಜುನ್ ಗೋಪಾಲಸ್ವಾಮಿ ಒಬ್ಬರು. ಅವರು ನಿಕೋಲಸ್ ಎಲಿಯಟ್ ಜೊತೆ ಸೇರಿ ಅದೇ ಯೋಚನೆಯನ್ನು ಮಸಾಯಿ ಮಾರಾ ಸಿಂಹಕ್ಕೆ ಹಾಕಿ 2017ರಲ್ಲಿ ಪ್ರಕಟಿಸಿದರು. ಪಟ್ಟೆಯ ಜಾಗಕ್ಕೆ ಮೀಸೆ ಚುಕ್ಕಿ, ಮರಕ್ಕೆ ಕಟ್ಟಿದ ಕ್ಯಾಮೆರಾ ಜಾಗಕ್ಕೆ ಜೀಪು. ಒಂದು ವರ್ಷ ದಾಟಿದ ಸಿಂಹ ನೂರು ಚದರ ಕಿಲೋಮೀಟರಿಗೆ ಹದಿನೇಳರ ಹತ್ತಿರ ಅಂತ ಬಂತು.

ಅದಕ್ಕೂ ಮೊದಲು ಬಹಳ ಕಡೆ ನಡೆಯುತ್ತಿದ್ದದ್ದು ಹೆಜ್ಜೆ ಎಣಿಕೆ, ಇಲ್ಲವೆ ಎಮ್ಮೆ ಕರುವಿನ ಕೂಗು ಸ್ಪೀಕರಿನಲ್ಲಿ ಹಾಕಿ ಬಂದ ಸಿಂಹ ಎಣಿಸುವುದು. ಜಾಣ ಸಿಂಹ ಎರಡನೇ ಸಲ ಬರುತ್ತದೆಯೆ ಹೇಳಿ!

ಪೇಡೆನಗರಿ

ಹೆಜ್ಜಿ ಎಣಿಸೂದನ್ನ ಹಗುರ ಮಾಡಬ್ಯಾಡ್ರಿ ಮೇಷ್ಟ್ರ. ನಾನು 2019ರಾಗ ಅಲ್ಲಿ ಹೋಗಿದ್ದೆ, ಸಾಬಿ ಸ್ಯಾಂಡಿಗೆ. ಮಗ ಕಂಪನಿ ಕೆಲಸಕ್ಕ ಜೊಹಾನ್ಸ್‌ಬರ್ಗಿನ್ಯಾಗ ಇದ್ದ, ಇಲ್ಲಾಂದ್ರ ನಮಗೆಲ್ಲಿ ಸಾಧ್ಯ. ಲ್ಯಾಂಡ್ ರೋವರಿನ ಮೂತಿ ಮ್ಯಾಲೆ ಒಂದ ಸಣ್ಣ ಕುರ್ಚಿ ಹಾಕಿರ್ತಾರ, ಅದರ ಮ್ಯಾಲೆ ಕೂಡಾಂವ ಶಾಂಗಾನ್ ಜನಾಂಗದ ಟ್ರ್ಯಾಕರ್, ಅಂದ್ರ ಹೆಜ್ಜಿ ನೋಡಿ ಪ್ರಾಣಿ ಹುಡುಕಾಂವ. ಬೆಳಿಗ್ಗೆ ಐದೂವರಿಗೆ ಮಂಜು, ನಮಗ ರಸ್ತಾನ ಕಾಣವಲ್ದು, ಆ ಮನಷಾ ಕೈ ಎತ್ತಿ ಗಾಡಿ ನಿಲ್ಲಿಸಿದ.

ಉಸುಕಿನ್ಯಾಗ ಹೆಜ್ಜಿ. ಉಗುರಿನ ಗುರುತಿಲ್ಲ, ಅಂದ್ರ ಕತ್ತೆಕಿರುಬ ಅಲ್ಲ, ಬೆಕ್ಕಿನ ಜಾತಿ. ಮುಂಗಾಲಿನ ಅಗಲ ನೋಡಿ ಗಂಡು ಅಂದ. ಹೆಜ್ಜಿ ಮ್ಯಾಲೆ ರಾತ್ರಿ ಹುಳದ ಗೆರಿ ಹಾದಿದ್ದಿಲ್ಲ, ಇಬ್ಬನಿ ಹನಿಯ ಗುಳಿ ಬಿದ್ದಿದ್ದಿಲ್ಲ. ಅಂದ್ರ ಇಬ್ಬನಿ ಬಿದ್ದ ಮ್ಯಾಲೆ ನಡದದ. ಎರಡ ಗಂಡು, ಒಂದು ಎಡ ಹಿಂಗಾಲು ಎಳೀತದ ಅಂತನೂ ಹೇಳಿದ. ಆಮ್ಯಾಲೆ ಇಳಿದು ನಡಕೋತ ಹೋದ. ನಾವು ಗಾಡಿಯೊಳಗ ಕುಂತು ಬಿಸ್ಕೀಟ್ ತಿಂದ್ವಿ. ನಲವತ್ತ ನಿಮಿಷಕ್ಕ ರೇಡಿಯೊದಾಗ ಕರದ. ಹೋಗಿ ನೋಡಿದ್ರ ಎರಡ ಗಂಡು, ಒಂದರ ಎಡ ಹಿಂಗಾಲು ಬಾತಿತ್ತು.

ನನ್ನ ಅಜ್ಜಗ ಎತ್ತು ಕಳುವಾದಾಗ ಹೆಜ್ಜಿ ನೋಡಿ ಹಿಂಗ ಹೇಳತಿದ್ದ, ಇದು ನಮ್ಮ ಬಿಳಿ ಎತ್ತು, ಇದಕ್ಕ ಲಾಳ ಸವದದ ಅಂತ. ಆ ಟ್ರ್ಯಾಕರಿಗೆ ಕೈ ಮುಗದೆ.

ಲೆಕ್ಕದಮೇಷ್ಟ್ರು

ಆಯಿತು, ಮಾತು ವಾಪಸ್. ಹುಡುಕುವುದಕ್ಕೆ ಹೆಜ್ಜೆಯಂಥದ್ದು ಬೇರೆ ಇಲ್ಲ. ಇಡೀ ಕಾಡಿನ ತಲೆ ಎಣಿಸುವುದಕ್ಕೆ ಸಾಲದು ಅಂದೆ ಅಷ್ಟೆ.

ಘರ್ಜನೆ07

ಸರಿ ಹೋಗ್ಲಿ, ಕಾಲರ್ ಹಾಕಿದ್ರೆ ಎಲ್ಲ ಮುಗೀತಲ್ಲ? ಸ್ಯಾಟಲೈಟಲ್ಲಿ ಲೈವ್ ಕಾಣುತ್ತೆ. ಯಾಕೆ ಚುಕ್ಕಿ ಎಣಿಸ್ತಾ ಕೂರೋದು?

ನೈರೋಬಿ ಕನ್ನಡಿಗ

ತಮ್ಮ, ಪ್ರಶ್ನೆ ಒಳ್ಳೆಯದು. ಒಂದು ಗುಂಪಿನಲ್ಲಿ ಒಂದಕ್ಕೆ ಕಾಲರ್ ಇದ್ದರೆ ಗುಂಪು ಸಿಗುತ್ತದೆ, ಉಳಿದ ಹದಿನಾಲ್ಕು ಯಾರು ಅನ್ನುವುದಕ್ಕೆ ಮತ್ತೆ ಚುಕ್ಕಿಯೇ ಬೇಕು. ಮದ್ದು ಕೊಟ್ಟು ಮಲಗಿಸಬೇಕು, ಬ್ಯಾಟರಿ ಮುಗಿದರೆ ಇನ್ನೊಮ್ಮೆ ಮಲಗಿಸಬೇಕು. ಎಲ್ಲಕ್ಕೂ ಹಾಕಲು ಆಗುವುದಿಲ್ಲ.

ಕಾಲರ್ ಉಪಕಾರ ಮಾಡಿದ್ದೂ ಇದೆ. ಜಿಂಬಾಬ್ವೆಯ ಹ್ವಾಂಗೆಯಲ್ಲಿ ಸೆಸಿಲ್ ಅನ್ನುವ ಗಂಡು, ಆಕ್ಸ್‌ಫರ್ಡ್ ತಂಡ ಕಾಲರ್ ಹಾಕಿ ಅಧ್ಯಯನ ಮಾಡುತ್ತಿದ್ದದ್ದು. 2015ರ ಜುಲೈ ಮೊದಲಲ್ಲಿ ಉದ್ಯಾನದ ಗಡಿಯಾಚೆ ಟ್ರೋಫಿ ಬೇಟೆಗೆ ಸಿಕ್ಕಿ ಸತ್ತಿತು. ಅದರ ಜೊತೆಗಾರ ಜೆರಿಕೊ. ಅಣ್ಣತಮ್ಮ ಅಲ್ಲ, ಮೇಲೆ ಹಿನ್ನೀರಿನವರು ಹೇಳಿದ ಎರಡರ ಕೂಟ. ಒಂದು ತಿಂಗಳಿಗೆ ಜೆರಿಕೊವನ್ನೂ ಕೊಂದರು ಅಂತ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ ಬಂತು. ಎಷ್ಟು ಜನ ಅತ್ತರು! ಅವನ ಕಾಲರ್ ನೋಡಿದರೆ ಅವನು ಓಡಾಡಿಕೊಂಡೇ ಇದ್ದ. ಸೆಸಿಲ್‌ನ ಮರಿಗಳನ್ನೂ ಅವನು ಕೊಲ್ಲಲಿಲ್ಲ. ಅವನು ಸತ್ತದ್ದು ಮರುವರ್ಷ, ತನ್ನಷ್ಟಕ್ಕೆ. ಆದರೆ ಸೆಸಿಲ್‌ನ ಮಗ ಕ್ಸಾಂಡಾ, ಅವನಿಗೂ ಕಾಲರ್ ಇತ್ತು, 2017ರ ಜುಲೈನಲ್ಲಿ ಅದೇ ರೀತಿ ಗುಂಡಿಗೆ ಹೋದ. ಕೊರಳಲ್ಲಿ ಕಾಲರ್ ಇದ್ದದ್ದು ಅವನನ್ನು ಉಳಿಸಲಿಲ್ಲ.

ಹಿನ್ನೀರಿನವ

ಟ್ರೋಫಿ ಬೇಟೆ ಮಾತು ಬಂದದ್ದಕ್ಕೆ: ಗಂಡಿನ ಮೂಗು ಚಿಕ್ಕಂದಿನಲ್ಲಿ ಗುಲಾಬಿ, ವಯಸ್ಸಾದ ಹಾಗೆ ಕಪ್ಪು ಚುಕ್ಕೆ ತುಂಬುತ್ತದೆ. ಐದಾರು ವರ್ಷಕ್ಕೆ ಅರ್ಧ ಕಪ್ಪು. ಅದನ್ನು ನೋಡಿ ವಯಸ್ಸು ಹೇಳಬಹುದು, ಬೇಟೆಯಾಡಲೇಬೇಕೆಂದರೆ ಆರು ದಾಟಿದವನನ್ನು ಮಾತ್ರ ಆಡಿ, ಆಗ ಅವನ ಮರಿಗಳು ಒಂದು ದಡ ಮುಟ್ಟಿರುತ್ತವೆ ಅಂತ 2004ರಲ್ಲಿ ಪ್ಯಾಕರ್ ತಂಡ ಲೆಕ್ಕ ಕೊಟ್ಟಿತು. ಎರಡರ ಕೂಟದಲ್ಲಿ ಒಬ್ಬನನ್ನು ತೆಗೆದರೆ ಸಾಯುವುದು ಅವನೊಬ್ಬನೇ ಅಲ್ಲ ಅನ್ನುವುದು ಇಷ್ಟು ಹೊತ್ತಿಗೆ ಎಲ್ಲರಿಗೂ ಅರ್ಥವಾಗಿರುತ್ತದೆ.

ಕಡಲತಡಿ

ನೈರೋಬಿಯವರೇ, ಮಸಾಯಿಗಳು ಸಿಂಹ ಕೊಲ್ಲುವುದು ನಿಂತಿದೆಯಾ ಈಗ? ಈಟಿ ಹಿಡಿದು ಸಿಂಹ ಕೊಂದವನೇ ಗಂಡು ಅಂತ ಹಿಂದೆ ಓದಿದ್ದೆ.

ನೈರೋಬಿ ಕನ್ನಡಿಗ

ಕಡಿಮೆಯಾಗಿದೆ, ನಿಂತಿಲ್ಲ. ಆ ಬೇಟೆಗೆ ಓಲಮಾಯೊ ಅನ್ನುತ್ತಾರೆ. ಅಂಬೊಸೆಲಿ ಕಡೆ 2007ರಿಂದ 'ಲಯನ್ ಗಾರ್ಡಿಯನ್ಸ್' ಅಂತ ಒಂದು ಕೆಲಸ ನಡೆದಿದೆ. ಹಿಂದೆ ಸಿಂಹ ಬೇಟೆಯಾಡುತ್ತಿದ್ದ ಅದೇ ಯುವಕರಿಗೆ ಸಂಬಳ ಕೊಟ್ಟು ಸಿಂಹ ಕಾಯಲು ಹಚ್ಚಿದರು. ಅವರು ಹೆಜ್ಜೆ ಹಿಡಿದು ಹೋಗುತ್ತಾರೆ, ಇವತ್ತು ಈ ಹಳ್ಳದ ಕಡೆ ಸಿಂಹ ಇದೆ, ದನ ಅತ್ತ ಬಿಡಬೇಡಿ ಅಂತ ದನಗಾಹಿಗಳಿಗೆ ಹೇಳುತ್ತಾರೆ, ಮುರಿದ ಮುಳ್ಳುಬೇಲಿ ಕಟ್ಟುತ್ತಾರೆ. ಸಿಂಹಕ್ಕೆ ತಮ್ಮ ಮಾ ಭಾಷೆಯಲ್ಲಿ ಹೆಸರಿಡುತ್ತಾರೆ. ಹೆಸರಿಟ್ಟದ್ದನ್ನು ಕೊಲ್ಲಲು ಕೈ ಬರುವುದು ಕಷ್ಟ ಅಂತ ಅವರೇ ಹೇಳುತ್ತಾರೆ.

ಆದರೂ 2023ರ ಮೇ ತಿಂಗಳಲ್ಲಿ ಅಂಬೊಸೆಲಿಯ ಲೂನ್ಕಿಟೊ ಅನ್ನುವ ಸಿಂಹ ಸತ್ತ. 19 ವರ್ಷದವನು, ಕಾಡು ಗಂಡು ಅಷ್ಟು ವರ್ಷ ಬದುಕುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಹಸಿವಿಗೆ ದೊಡ್ಡಿಗೆ ನುಗ್ಗಿದ, ಈಟಿಗೆ ಸಿಕ್ಕಿದ. ಅದೇ ವಾರ ಆ ಕಡೆ ಒಟ್ಟು ಹತ್ತು ಸಿಂಹ ಹೋದವು. ಬರಗಾಲ ಆಗಷ್ಟೇ ಮುಗಿದಿತ್ತು. ಬರದಲ್ಲಿ ದನಗಳನ್ನು ಕಳೆದುಕೊಂಡವರು ಉಳಿದ ಆಡನ್ನೂ ಕಳೆದುಕೊಂಡರೆ ಏನು ಮಾಡುತ್ತಾರೆ? ಬೆಂಗಳೂರಿನ ನೆಂಟರು ಫೋನು ಮಾಡಿ "ಎಂಥ ಕಟುಕರು" ಅಂದರು. ನಾನು ಮಾತು ಬದಲಿಸಿದೆ.

ಪೇಡೆನಗರಿ

ಹನ್ನೊಂದು ಆಡು ಒಂದ ರಾತ್ರಿ ಹೋದ್ರ ನಮ್ಮ ಕುರುಬರ ಹಟ್ಟ್ಯಾಗೂ ತೋಳಕ್ಕ ಯಾರೂ ಆರತಿ ಎತ್ತೂದಿಲ್ಲ.

ಘರ್ಜನೆ07

ಲೂನ್ಕಿಟೊ ಗೊತ್ತಿರ್ಲಿಲ್ಲ. 19 ವರ್ಷನಾ!

ಯಾರಾದ್ರೂ ಜೇಕಬ್ ಬಗ್ಗೆ ಹೇಳಿದ್ರಾ? ಉಗಾಂಡಾದ ಮೂರು ಕಾಲಿನ ಸಿಂಹ. ಕಳ್ಳಬೇಟೆಯವ್ರು ಇಟ್ಟ ಉಕ್ಕಿನ ಟ್ರ್ಯಾಪ್‌ಗೆ ಸಿಕ್ಕಿ ಒಂದು ಕಾಲು ಹೋಗಿದೆ. 2024ರ ಫೆಬ್ರವರಿಯಲ್ಲಿ ಅವ್ನೂ ಅವ್ನ ತಮ್ಮ ಟಿಬುನೂ ಕಜಿಂಗಾ ಕಾಲುವೆ ಈಜಿದ್ದಾರೆ, ರಾತ್ರಿ, ಸುಮಾರು ಒಂದೂವರೆ ಕಿಲೋಮೀಟರ್. ಅಲ್ಲಿ ಮೊಸಳೆ, ನೀರಾನೆ ತುಂಬಿವೆ. ಶಾಖ ಕಾಣೋ ಡ್ರೋನ್‌ನಲ್ಲಿ ರೆಕಾರ್ಡ್ ಮಾಡಿದ್ದಾರೆ. ಇದು ಹೇಳಿ ಕೇಳಿದ್ದಲ್ಲ ಮೇಷ್ಟ್ರೇ, ಕಣ್ಣಾರೆ ಕಂಡ ಕಾಲಂ 😎

ಲೆಕ್ಕದಮೇಷ್ಟ್ರು

ಭೇಷ್! ಕಾರಣವನ್ನೂ ಸೇರಿಸು. ಅವರಿದ್ದ ಕಡೆ ಹೆಣ್ಣುಗಳು ತೀರ ಕಡಿಮೆ, ಹೆಣ್ಣು ಇದ್ದಲ್ಲಿ ಬೇರೆ ಗಂಡುಗಳ ಹೊಡೆತ. ಹೆಣ್ಣು ಹುಡುಕಿಕೊಂಡೇ ನೀರಿಗೆ ಇಳಿದಿರಬೇಕು ಅಂತ ಅಲ್ಲಿನ ಸಂಶೋಧಕರ ಊಹೆ.

ಕಡಲತಡಿ

ನಮ್ಮ ಗೀರ್ ಸಿಂಹಗಳ ಸುದ್ದಿ ಯಾರೂ ಎತ್ತಲಿಲ್ಲ.

ಹಿನ್ನೀರಿನವ

ಅದು ಬೇರೆಯದೇ ಸಂಸಾರ ಅಕ್ಕ. ಗೀರ್‌ನಲ್ಲಿ ಗಂಡು ಹೆಣ್ಣು ಬಹುಮಟ್ಟಿಗೆ ಬೇರೆ ಬೇರೆ ಇರುತ್ತವೆ, ಬೆದೆಗೆ ಬಂದಾಗ, ದೊಡ್ಡ ಬೇಟೆ ಬಿದ್ದಾಗ ಸೇರುತ್ತವೆ. ಸ್ತೋತ್ರ ಚಕ್ರವರ್ತಿ ಮತ್ತು ಝಾಲಾ ಅವರ ಅಧ್ಯಯನದ ಪ್ರಕಾರ ಅಲ್ಲಿನ ಹೆಣ್ಣುಗಳು ಅಕ್ಕಪಕ್ಕದ ಎದುರಾಳಿ ಗಂಡುಗಳ ಜೊತೆಗೂ ಕೂಡುತ್ತವೆ. ಮರಿ ಯಾರದ್ದೆಂದು ಯಾರಿಗೂ ಖಾತ್ರಿ ಇಲ್ಲ, ಹಾಗಾಗಿ ಕೊಲ್ಲುವುದೂ ಕಡಿಮೆ. ಇದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಹಾಕಿದರೆ ಕಲಸುಮೇಲೋಗರ ಆಗುತ್ತದೆ.

ಎಲ್ಲರಿಗೂ ಒಂದು ಕೋರಿಕೆ. ಫೋಟೋ ಹಾಕುವಾಗ ಲೊಕೇಶನ್ ತೆಗೆದು ಹಾಕಿ. ಯಾವ ಹಳ್ಳ, ಯಾವ ತಿರುವು ಅಂತ ಬರೆಯಬೇಡಿ. ಕಳ್ಳಬೇಟೆಯವರಿಗೂ ಫೋನು ಇದೆ.

ನೈರೋಬಿ ಕನ್ನಡಿಗ

ಕಳ್ಳಬೇಟೆ ಬಿಡಿ, ವ್ಯಾನುಗಳೇ ಸಾಕು. ಮಾರಾದಲ್ಲಿ ಒಂದು ಪ್ರಾಣಿಯ ಹತ್ತಿರ ಐದೇ ಗಾಡಿ ಅಂತ ನಿಯಮ. ಆಗಸ್ಟಿನಲ್ಲಿ ನಾನು ಎಣಿಸಿದ್ದು ಇಪ್ಪತ್ತಮೂರು. ಸಿಂಹಿಣಿ ಒಂದು ವ್ಯಾನಿನ ನೆರಳಿನಲ್ಲೇ ಮಲಗಿತ್ತು, ಪಾಪ, ಬೇರೆ ನೆರಳು ಎಲ್ಲಿತ್ತು.

ಹಿನ್ನೀರಿನವ

ನನ್ನ ಪುಸ್ತಕದಲ್ಲಿ ಮೂರು ಕಾಲಂ ಹಾಕಿದೆ. ಮಪೋಗೊ ಪುಟ ಪೂರ್ತಿ ಹರಿದು ಹೊಸದಾಗಿ ಬರೆದೆ. "ಹೇಳಿ ಕೇಳಿದ್ದು" ಕಾಲಂ ಪುಟ ದಾಟಿ ಹಿಂಬದಿಗೆ ಹೋಗಿದೆ. "ಕಣ್ಣಾರೆ ಕಂಡದ್ದು" ಒಂದು ಕೈಯ ಬೆರಳುಗಳಿಗಿಂತ ಸ್ವಲ್ಪ ಹೆಚ್ಚು.

ಈಗ ನಿಮ್ಮ ಸಹಾಯ ಬೇಕು. ಹೋದ ತಿಂಗಳು ಸ್ನೇಹಿತರೊಬ್ಬರು ಸಾಬಿ ಸ್ಯಾಂಡಿಗೆ ಹೋಗಿದ್ದರು. ಒಂಟಿ ಗಂಡು, ಮೂಗು ಮುಕ್ಕಾಲು ಕಪ್ಪು, ಕೇಸರ ಎದೆಯ ಮೇಲೆ ಕಪ್ಪು, ಬಲಕಿವಿ ಹರಿದಿದೆ. ಎಡಗೆನ್ನೆಯಲ್ಲಿ ಮೇಲಿನ ಬಿಡಿ ಚುಕ್ಕಿ ಎರಡು. ಒಂದು ಕೆಳಸಾಲಿನ ಎರಡನೆಯ ಚುಕ್ಕಿಯ ನೇರಕ್ಕೆ, ಇನ್ನೊಂದು ನಾಲ್ಕು ಐದರ ನಡುವೆ. ಫೋಟೋ ಹಾಕಿದ್ದೇನೆ. ಗೈಡ್ ಒಂದು ಹೆಸರು ಹೇಳಿದರಂತೆ, ಪಕ್ಕದ ಗಾಡಿಯವರು ಇನ್ನೊಂದು ಹೇಳಿದರಂತೆ.

ಘರ್ಜನೆ07

ಅಣ್ಣಾ ನೋಡಿದ ತಕ್ಷಣ ಗೊತ್ತಾಯ್ತು ನಂಗೆ! ಆದ್ರೆ... ಇರಿ, ಚುಕ್ಕಿ ಎಣಿಸಿ ಆಮೇಲೆ ಹೇಳ್ತೀನಿ.

ಲೆಕ್ಕದಮೇಷ್ಟ್ರು

ಎಡಗೆನ್ನೆ ಒಂದರಲ್ಲೇ ಹೇಳಿದರೆ ಎರಡು ಸಿಂಹ ಹೊಂದುತ್ತವೆ. ಬಲಗೆನ್ನೆ ಇದೆಯೆ?

ಹಿನ್ನೀರಿನವ

ಈಗಷ್ಟೇ ಫೋನು ಮಾಡಿ ಕೇಳಿದೆ. ಮುನ್ನೂರು ಫೋಟೋ ಇವೆಯಂತೆ, ಎಲ್ಲ ಎಡದ್ದೇ. ಅವನು ಒಂದು ಗಂಟೆ ಹೊತ್ತೂ ಬಲಗೆನ್ನೆ ನೆಲಕ್ಕೆ ಹಾಕಿಕೊಂಡು ಮಲಗಿದ್ದನಂತೆ.